ಅಮ್ಮ ಇಲ್ಲೇ ಕೂತಿದ್ದಾರೆ

ವಯಸ್ಸಾದ ಹೆಂಗಸರು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಕಣ್ಣಿಗೆ ಚೆನ್ನಾಗಿಯೇ ಬೀಳುತ್ತೇವೆ. ‘ಅಮ್ಮಾ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ’ ಅನ್ನುವಷ್ಟು ಖಂಡಿತ ಕಾಣುತ್ತೇವೆ. ಆಮೇಲಿನ ಮಾತೆಲ್ಲ ನಮ್ಮ ಪಕ್ಕದಲ್ಲಿ ನಿಂತವರ ಜೊತೆ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ಮನೆಯವರು ಹೋದ ಮೇಲೆ, ಫ್ಯಾಮಿಲಿ ಪೆನ್ಶನ್ ಮಾಡಿಸಿಕೊಳ್ಳಲು ಓಡಾಡಿದಾಗ.

ನಾವು ಮೈಸೂರಿನವರು. ಅವರು ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. 60ಕ್ಕೆ ರಿಟೈರ್ ಆದರು, 71ಕ್ಕೆ ಹೋದರು. ಅದು 2023ರ ಮಾರ್ಚ್. ನನಗಾಗ 66. ನಾನು ಹೊರಗೆ ಕೆಲಸಕ್ಕೆ ಹೋದವಳಲ್ಲ. ಆದರೆ ಮನೆಯ ಲೆಕ್ಕಾಚಾರ ಮೊದಲಿನಿಂದ ನನ್ನದೇ. ಇನ್ಶೂರೆನ್ಸ್ ಕಂತು ಯಾವಾಗ, ಮನೆ ಕಂದಾಯ ಎಷ್ಟು, ಆರ್‌ಡಿ ಯಾವ ತಿಂಗಳು ಮುಗಿಯುತ್ತದೆ, ಎಲ್ಲ ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬ್ಯಾಂಕಿಗೆ ಹೋಗಿ ಬರುತ್ತಿದ್ದವರು ಅವರು, ಚಲನ್ ತುಂಬಿ ಕೊಡುತ್ತಿದ್ದವಳು ನಾನು. ಹಾಗಾಗಿ ಬ್ಯಾಂಕಿನವರಿಗೆ ನನ್ನ ಅಕ್ಷರ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಮಗ ಕಾರಿನಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋದ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ. ಬರುವಾಗ ರಜೆ ಹಾಕಿದ್ದರೂ ಫೋನು ಅವನಿಗೆ ರಜೆ ಕೊಟ್ಟಿರಲಿಲ್ಲ. ಪೆನ್ಶನ್ ಟೇಬಲ್ಲಿನ ಎದುರು ಎರಡು ಕುರ್ಚಿ. ನಾವಿಬ್ಬರೂ ಕೂತೆವು. ಅಧಿಕಾರಿ ಮಗನ ಕಡೆ ತಿರುಗಿ, ‘ಹೇಳಿ ಸರ್’ ಅಂದರು.

ಫೈಲು ನನ್ನ ತೊಡೆಯ ಮೇಲಿತ್ತು. ಪಿಪಿಒ ಪುಸ್ತಕ ಅದರೊಳಗೆ. ಪಿಪಿಒ ಅಂದರೆ ಪೆನ್ಶನ್ ಪೇಮೆಂಟ್ ಆರ್ಡರ್. ರಿಟೈರ್ ಆದಾಗ ಕೊಡುತ್ತಾರೆ, ಪೆನ್ಶನ್‌ದಾರರ ಮಟ್ಟಿಗೆ ಅದೇ ಜಾತಕ. ಅದರಲ್ಲಿ ನಮ್ಮಿಬ್ಬರ ಜೋಡಿ ಫೋಟೋ ಇದೆ. ಸ್ಟುಡಿಯೋದವನು ‘ಸ್ವಲ್ಪ ಹತ್ತಿರ ಬನ್ನಿ’ ಅಂದಿದ್ದಕ್ಕೆ ಇವರು ನಾಚಿಕೊಂಡು ಇನ್ನೂ ಸೆಟೆದು ಕೂತಿದ್ದರು. ನನ್ನ ಹೆಸರು, ಹುಟ್ಟಿದ ದಿನಾಂಕ, ನನಗೆ ಎಷ್ಟು ಫ್ಯಾಮಿಲಿ ಪೆನ್ಶನ್ ಬರಬೇಕು ಅನ್ನುವುದೂ ಅದರಲ್ಲೇ ಇದೆ. ನಾನು ಅದನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ತೆಗೆದುಕೊಂಡು ಮಗನನ್ನು ಕೇಳಿದರು, ‘ಅಮ್ಮನ ವಯಸ್ಸೆಷ್ಟು ಸರ್?’

ಮಗ ಒಂದು ಕ್ಷಣ ಯೋಚಿಸಿದ. ‘ಅರವತ್ತೈದು ಇರಬೇಕು’ ಅಂದ.

‘ಅರವತ್ತಾರು’ ಅಂದೆ. ಇಬ್ಬರೂ ನನ್ನ ಕಡೆ ನೋಡಿದರು, ಮತ್ತೆ ತಮ್ಮ ಮಾತಿಗೆ ಹೋದರು. ‘ಅಮ್ಮನಿಗೆ ಸಹಿ ಮಾಡೋಕೆ ಬರುತ್ತಾ ಅಥವಾ ಹೆಬ್ಬೆಟ್ಟಾ?’ ಮಗ ನಕ್ಕು, ‘ಬರುತ್ತೆ ಬರುತ್ತೆ’ ಅಂದ. ನಾನು 1977ರಲ್ಲಿ ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ಅದನ್ನು ಅಲ್ಲಿ ಹೇಳಿಕೊಳ್ಳುವುದು ಯಾಕೋ ಸಣ್ಣತನ ಅನ್ನಿಸಿತು. ಹೆಬ್ಬೆಟ್ಟು ಒತ್ತುವವರನ್ನಾದರೂ ಅವರನ್ನೇ ಕೇಳಬೇಕು ತಾನೇ?

ಕೊನೆಗೆ ಅವರು ಹೇಳಿದ್ದು, ‘ಅಮ್ಮನ ಹೆಸರಲ್ಲಿ ಹೊಸ ಅಕೌಂಟ್ ಮಾಡಿಸಿಬಿಡಿ ಸರ್. ಆಮೇಲೆ ಪೆನ್ಶನ್ ನೋಡೋಣ.’ ಇವರ ಪೆನ್ಶನ್ ಬರುತ್ತಿದ್ದ ಅಕೌಂಟು ನಮ್ಮಿಬ್ಬರ ಜಾಯಿಂಟು ಅಂತ ನಾನು ಹೇಳಿದೆ. ‘ಅಮ್ಮನಿಗೆ ಇದೆಲ್ಲ ಗೊತ್ತಾಗಲ್ಲ ಸರ್, ಹೊಸದು ಮಾಡಿಸಿದರೆ ನಿಮಗೇ ಈಸಿ’ ಅಂದರು. ಮಗ ತಲೆಯಾಡಿಸಿದ. ಅವನ ಫೋನು ಆಗಲೇ ಎರಡು ಸಲ ಹೊಡೆದುಕೊಂಡಿತ್ತು.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಆಮೇಲೆ ಇವರ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ರಿಟೈರ್ ಆದವರ ಸಂಘದಲ್ಲಿ ಇಂಥದ್ದನ್ನೇ ನೋಡಿಕೊಳ್ಳುತ್ತಾರೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಕೇಂದ್ರ ಸರ್ಕಾರದ ಪೆನ್ಶನ್ ಗಂಡ ಹೆಂಡತಿಯ ಜಾಯಿಂಟ್ ಅಕೌಂಟಿಗೆ ಬರುತ್ತಿದ್ದು, ಪಿಪಿಒದಲ್ಲಿ ಹೆಂಡತಿಯ ಹೆಸರಿಗೆ ಫ್ಯಾಮಿಲಿ ಪೆನ್ಶನ್ ಅಂತ ನಮೂದಾಗಿದ್ದರೆ, ಹೊಸ ಅಕೌಂಟ್ ತೆರೆಯಲೇಬೇಕು ಅಂತ ಬ್ಯಾಂಕು ಹಟ ಹಿಡಿಯುವಂತಿಲ್ಲ. ಮರಣ ಪ್ರಮಾಣಪತ್ರ, ನಮ್ಮ ಹತ್ತಿರ ಇರುವ ಪಿಪಿಒ ಪ್ರತಿ, ಆಧಾರ್, ಪ್ಯಾನ್, ಮತ್ತೆ ಹೆಚ್ಚಿಗೆ ಹಣ ಬಂದಿದ್ದರೆ ವಾಪಸ್ ಹಿಡಿದುಕೊಳ್ಳಬಹುದು ಅನ್ನುವ ಒಂದು ಅಂಡರ್‌ಟೇಕಿಂಗ್. ಕೊನೆಯದು ಯಾಕೆ ಅಂದರೆ, ಸುದ್ದಿ ಮುಟ್ಟುವವರೆಗೆ ಬ್ಯಾಂಕು ತೀರಿಕೊಂಡವರ ಪೆನ್ಶನ್ನೇ ಹಾಕುತ್ತಾ ಹೋಗುತ್ತದೆ. ‘ಬಂತಲ್ಲ’ ಅಂತ ಖರ್ಚು ಮಾಡಿಬಿಟ್ಟರೆ ಆಮೇಲೆ ಒಟ್ಟಿಗೆ ಕತ್ತರಿಸುತ್ತಾರೆ.

ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಇವರಿಗೆ ಬರುತ್ತಿದ್ದದ್ದು ಕೊನೆಯ ಮೂಲ ವೇತನದ ಅರ್ಧ. ನನಗೆ ಬರುವುದು ಶೇ. 30. ಅಂದರೆ ಮೂಲ ವೇತನ 40,000 ಅಂತ ಇಟ್ಟುಕೊಂಡರೆ 20,000 ಇದ್ದದ್ದು 12,000 ಆಗುತ್ತದೆ, ಅದರ ಮೇಲೆ ತುಟ್ಟಿಭತ್ಯೆ. ರಿಟೈರ್ ಆದವರು 67 ತುಂಬುವ ಮೊದಲೇ ಹೋದರೆ ಹೆಂಡತಿಗೆ ಸ್ವಲ್ಪ ಕಾಲ ಜಾಸ್ತಿ ದರದಲ್ಲಿ ಕೊಡುತ್ತಾರೆ. ನಮ್ಮವರು ಅದನ್ನು ದಾಟಿಯೇ ಹೋಗಿದ್ದರು. ಒಬ್ಬರು ಕಡಿಮೆಯಾದರು ಅಂತ ಮನೆ ಕಂದಾಯ ಕಡಿಮೆಯಾಗುವುದಿಲ್ಲ, ಗ್ಯಾಸ್ ಸಿಲಿಂಡರಿನ ರೇಟೂ ಇಳಿಯುವುದಿಲ್ಲ. ಆದರೆ ಲೆಕ್ಕ ಬರೆಯುವವಳಿಗೆ ಅದೇನು ಹೊಸ ಕಷ್ಟ ಅಲ್ಲ ಬಿಡಿ.

ಇನ್ನೊಂದು ವಿಷಯ ಹೇಳಿ ಅವರೇ ಬೇಜಾರು ಮಾಡಿಕೊಂಡರು. ಎಷ್ಟೋ ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕವೇ ಇರುವುದಿಲ್ಲವಂತೆ. 80 ತುಂಬಿದರೆ ಫ್ಯಾಮಿಲಿ ಪೆನ್ಶನ್ ಶೇ. 20ರಷ್ಟು ಜಾಸ್ತಿಯಾಗುತ್ತದೆ. ದಿನಾಂಕ ಇಲ್ಲದಿದ್ದರೆ ಆ ಅಜ್ಜಿಗೆ 80 ತುಂಬಿದ್ದು ಯಾರಿಗೆ ಗೊತ್ತಾಗಬೇಕು? ಗಂಡನ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ ಎಲ್ಲ ಇರುತ್ತದೆ. ಹೆಂಡತಿ ಅನ್ನುವ ಕಡೆ ಬರೀ ಹೆಸರು. ನಾನು ಫೋನಿಟ್ಟವಳೇ ಮೊದಲು ನನ್ನ ಪುಟ ತೆರೆದು ನೋಡಿಕೊಂಡೆ. ದಿನಾಂಕ ಇತ್ತು. ಇವರೇ ಬರೆಸಿದ್ದರು.

ಅಷ್ಟರಲ್ಲಿ ಮಗ ಬೆಂಗಳೂರಿಗೆ ಹೊರಟ. ‘ಮುಂದಿನ ತಿಂಗಳು ಬಂದು ಮುಗಿಸ್ತೀನಿ, ನೀನು ಸುಮ್ನೆ ಓಡಾಡಬೇಡ’ ಅಂದ. ಅವನ ಮುಂದಿನ ತಿಂಗಳು ಯಾವಾಗ ಬರುತ್ತದೆ ಅಂತ ನನಗೆ ಗೊತ್ತು.

ಇದರ ನಡುವೆಯೇ ಸಂಬಂಧಿಕರ ಮನೆಯ ಗೃಹಪ್ರವೇಶ ಬಂತು. ಹೋಗುವುದೋ ಬೇಡವೋ ಅಂತ ಯೋಚಿಸಿ, ‘ನೀವು ಬರಲೇಬೇಕು, ಪುಳಿಯೋಗರೆ ಗೊಜ್ಜು ನಿಮ್ಮ ಕೈಯಲ್ಲೇ ಆಗಬೇಕು’ ಅಂದಿದ್ದಕ್ಕೆ ಹೋದೆ. ಗೊಜ್ಜು ಮಾಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಲಿಗೆ ಬಂದು ಹೆಂಗಸರ ಸಾಲಿನಲ್ಲಿ ಕೂತೆ. ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಲಂಗ ಎತ್ತಿಕೊಂಡು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದಳು. ಒಬ್ಬೊಬ್ಬರ ಮುಂದೆ ಬಗ್ಗಿ, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ. ನನ್ನ ಮುಂದೆ ಬಂದಳು. ಬೆರಳು ಕುಂಕುಮದಲ್ಲಿ ಅದ್ದಿತ್ತು, ಕೈ ಅರ್ಧ ಎದ್ದಿತ್ತು. ಅಲ್ಲೇ ನಿಂತಿತು. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣಲ್ಲೇ ಏನೋ ಹೇಳಿದಳು. ತಟ್ಟೆ ನನ್ನ ಮೊಣಕಾಲು ದಾಟಿ ಪಕ್ಕದವರ ಮುಂದೆ ಹೋಯಿತು. ಹುಡುಗಿಯ ಕಿವಿ ಕೆಂಪಾಗಿತ್ತು, ಪಾಪ. ಅವಳದೇನು ತಪ್ಪು? ಕೈ ಎತ್ತಿದ್ದಳಲ್ಲ, ಅವಳಿಗೆ ಸರಿ ಯಾವುದು ಅಂತ ಗೊತ್ತಿತ್ತು. ಕಣ್ಣು ಮಾಡಿದ ದೊಡ್ಡವರ ಮೇಲೆಯೇ ನನಗೆ ಸಿಟ್ಟು, ಈಗಲೂ.

ಊಟದ ಹೊತ್ತಿಗೆ ಗೊಜ್ಜನ್ನು ಎಲ್ಲರೂ ಹೊಗಳಿದರು. ಗ್ರೂಪ್ ಫೋಟೋ ತೆಗೆಯುವಾಗ ಒಬ್ಬಳು ಬಂದು ತನ್ನ ಮಗುವನ್ನು, ಇನ್ನೊಬ್ಬಳು ತನ್ನ ವ್ಯಾನಿಟಿ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ‘ಒಂದೇ ನಿಮಿಷ ಅತ್ತೆ’ ಅಂತ ಹೋಗಿ ನಿಂತರು. ಆ ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬಂದಿದೆ. ಚೆನ್ನಾಗಿ ಬಂದಿದ್ದಾರೆ ಎಲ್ಲರೂ.

ಕಾಣದೆ ಇರುವುದರಲ್ಲಿ ಸುಖವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಸಿಟಿ ಬಸ್ಸು ಹತ್ತುವಾಗ ಬೆರಳ ಸಂದಿಯಲ್ಲಿ ಪಿನ್ ಹಿಡಿದುಕೊಂಡೇ ಹತ್ತುತ್ತಿದ್ದೆವು. ದೇವರಾಜ ಅರಸು ರಸ್ತೆಯಲ್ಲಿ ನಡೆದು ಹೋಗುವುದು ಅಂದರೆ ತಲೆ ತಗ್ಗಿಸಿ ಬೇಗಬೇಗ. ಮೂವತ್ತು ವರ್ಷ ಆ ಕಣ್ಣುಗಳನ್ನು ಹೊತ್ತು ಓಡಾಡಿದ ಮೇಲೆ, ಈಗ ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿಂದು, ಕಾಫಿ ಆರಿಸಿಕೊಂಡು ಕುಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಎಂಥ ಆರಾಮ! ಇದು ಹಾಗೇ ಇರಲಿ. ನನ್ನ ಜಗಳ ಆ ಇನ್ನೊಂದರ ಜೊತೆ ಮಾತ್ರ. ನನ್ನ ದುಡ್ಡು, ನನ್ನ ಕಣ್ಣು, ನನ್ನ ಸಕ್ಕರೆ ಕಾಯಿಲೆಯ ಮಾತು ಬಂದಾಗ ಬೇರೆಯವರ ಮುಖ ನೋಡುತ್ತಾರಲ್ಲ, ಅದರ ಜೊತೆ.

ಸಕ್ಕರೆ ಕಾಯಿಲೆ ಅಂದೆನಲ್ಲ, ಅದೂ ಆಯಿತು. ಪೊರೆ ತೋರಿಸಲು ಕಣ್ಣಿನ ಆಸ್ಪತ್ರೆಗೆ ಹೋದಾಗ ಮಗ ಜೊತೆಗಿದ್ದ. ‘ಅಮ್ಮನಿಗೆ ಶುಗರ್ ಇದೆಯಾ?’ ಅಂತ ಅವನನ್ನು ಕೇಳಿದರು. ಅವನು ‘ಇಲ್ಲ ಅನ್ಸುತ್ತೆ’ ಅಂದ. ಬರೆದೇಬಿಟ್ಟರು. ಮೆಟ್‌ಫಾರ್ಮಿನ್ ಮಾತ್ರೆ ನನ್ನ ಚೀಲದಲ್ಲಿತ್ತು, ವರ್ಷಗಳಿಂದ ನುಂಗುತ್ತಿದ್ದೇನೆ. ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ‘ಅಮ್ಮ ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ’ ಅಂದೆ. ಸಕ್ಕರೆ ಹಿಡಿತದಲ್ಲಿಲ್ಲದೆ ಆಪರೇಶನ್ ಮಾಡಿದರೆ ಗಾಯ ಮಾಯುವುದಕ್ಕೂ ತೊಂದರೆ, ಸೋಂಕಿನ ಭಯವೂ ಜಾಸ್ತಿ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಕೇಳಿದ್ದು ಅವನನ್ನೇ. ಆಮೇಲೆ ಅವನಿಗೆ ನಾಚಿಕೆಯಾಗಿ ಊಟಕ್ಕೆ ಹೋಟೆಲಿಗೆ ಕರೆದುಕೊಂಡು ಹೋದ.

ಆ ದಿನವೇ ತೀರ್ಮಾನ ಮಾಡಿದೆ, ಇನ್ನು ಒಬ್ಬಳೇ ಹೋಗುವುದು ಅಂತ.

ಅದೇ ಸಮಯಕ್ಕೆ ಶಕ್ತಿ ಯೋಜನೆ ಬಂದಿತ್ತು, 2023ರ ಜೂನ್ 11ಕ್ಕೆ. ಬಸ್ಸು ಹೆಂಗಸರಿಗೆ ಉಚಿತ. ಇದರ ಬಗ್ಗೆ ಜಗಳ ಮಾಡುವವರು ಮಾಡಲಿ, ನನ್ನ ಮಟ್ಟಿಗೆ ಹೇಳುತ್ತೇನೆ. ಮೊದಲು ಎಲ್ಲಿಗೆ ಹೊರಟರೂ ‘ಆಟೋಗೆ ಅಷ್ಟು ಯಾಕೆ, ನಾನು ಬಿಡ್ತೀನಿ, ನಾಳೆ ಹೋಗೋಣ’ ಅನ್ನುವ ಮಾತು ಬರುತ್ತಿತ್ತು. ಈಗ ಆಧಾರ್ ಕಾರ್ಡು ಚೀಲದಲ್ಲಿಟ್ಟುಕೊಂಡು ಹೊರಟರೆ ಮುಗಿಯಿತು. ಕಂಡಕ್ಟರು ಕಾರ್ಡಿನ ಮುಖ ನೋಡಿ, ನನ್ನ ಮುಖ ನೋಡಿ, ಶೂನ್ಯ ಟಿಕೆಟ್ಟು ಹರಿದುಕೊಡುತ್ತಾನೆ. ಕಾರ್ಡಿನ ಫೋಟೋದಲ್ಲಿ ನಾನು ಕಳ್ಳಿಯ ಹಾಗಿದ್ದೇನೆ, ಆದರೂ ಒಪ್ಪಿಕೊಳ್ಳುತ್ತಾನೆ.

ಬ್ಯಾಂಕಿನಲ್ಲಿ ಅದೇ ಅಧಿಕಾರಿ ಇದ್ದರು. ನಾನು ಕೂತ ತಕ್ಷಣ ನನ್ನ ಹೆಗಲ ಮೇಲಿಂದ ಹಿಂದೆ ನೋಡಿದರು. ‘ಜೊತೆಗೆ ಯಾರು ಬಂದಿದ್ದಾರಮ್ಮ?’

‘ಯಾರೂ ಇಲ್ಲ.’

‘ಮಗ?’

‘ಬೆಂಗಳೂರಲ್ಲಿದ್ದಾನೆ. ನನ್ನ ಕೆಲಸ, ನಾನೇ ಬಂದೆ.’

ಬೇರೆ ದಾರಿ ಇಲ್ಲ. ನನ್ನ ಜೊತೆಯೇ ಮಾತಾಡಬೇಕಾಯಿತು. ಮೊದಲು ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಮಾತಾಡಿದರು. ಕಿವಿ ಸರಿಯಾಗಿದೆ ಅಂತ ಹೇಳಿದೆ. ಕಾಗದಗಳನ್ನು ಸಾಲಾಗಿ ಇಟ್ಟೆ, ಪ್ರತಿಯೊಂದಕ್ಕೂ ಎರಡು ಜೆರಾಕ್ಸ್. ಮತ್ತೆ ಹೊಸ ಅಕೌಂಟಿನ ಮಾತು ತೆಗೆದರು. ‘ಇದು ಐದರ್ ಆರ್ ಸರ್ವೈವರ್ ಅಕೌಂಟು, ಇಬ್ಬರಲ್ಲಿ ಉಳಿದವರು ನಡೆಸಬಹುದು. ಹೊಸದು ಬೇಕೇ ಬೇಕು ಅಂತ ನಿಯಮ ಇದ್ದರೆ ಅದನ್ನು ಬರೆದು ಕೊಡಿ, ಮಗನಿಗೆ ತೋರಿಸ್ತೀನಿ’ ಅಂದೆ. ನಮ್ಮ ಆಫೀಸುಗಳಲ್ಲಿ ‘ಬರೆದು ಕೊಡಿ’ ಅನ್ನುವ ಮಾತಿಗೆ ಇರುವ ಬಲ ಇನ್ಯಾವುದಕ್ಕೂ ಇಲ್ಲ. ಅವರು ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ‘ಆಯ್ತಮ್ಮ, ಇದೇ ಅಕೌಂಟಿಗೆ ಮಾಡೋಣ’ ಅಂದರು. ಅಂಡರ್‌ಟೇಕಿಂಗ್ ಅನ್ನು ಅಲ್ಲೇ ತುಂಬಿದೆ. ನನ್ನ ಅಕ್ಷರ ನೋಡಿ, ‘ಓ, ಸರ್ ಚಲನ್ ಎಲ್ಲ ನೀವೇ ಬರೀತಿದ್ರಾ?’ ಅಂತ ಕೇಳಿದರು. ಅಂದಿನಿಂದ ಅವರು ನನ್ನ ಜೊತೆ ಸರಿಯಾಗಿಯೇ ಇದ್ದಾರೆ. ಕೆಟ್ಟ ಮನುಷ್ಯ ಅಲ್ಲ. ಎದುರಿಗೆ ಗಂಡಸು ಇದ್ದರೆ ಅವನ ಕಡೆ ತಿರುಗುವುದು ಅವರಿಗೆ ಅಭ್ಯಾಸ, ಅಷ್ಟೇ. ಆ ಗಂಡಸು ಹದಿನೆಂಟರ ಮೊಮ್ಮಗನಾದರೂ ಅವನ ಕಡೆಗೇ ತಿರುಗುತ್ತಿದ್ದರೇನೋ.

ಫ್ಯಾಮಿಲಿ ಪೆನ್ಶನ್ ಶುರುವಾಗಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು. ಆದರೆ ದೊಡ್ಡ ತಲೆನೋವು ಬೇರೆಯದೇ. ಅಕೌಂಟಿಗೆ ಸೇರಿಸಿದ್ದ ಮೊಬೈಲ್ ನಂಬರು ಇವರದು. ಆ ಸಿಮ್ ನಿಲ್ಲಿಸುವ ಮೊದಲು ಮಗ ತನ್ನ ನಂಬರು ಕೊಟ್ಟಿದ್ದ. ಒಳ್ಳೆಯದಕ್ಕೇ ಕೊಟ್ಟಿದ್ದು. ಅದರ ಫಲ ಏನಾಯಿತು ಅಂದರೆ, ನನ್ನ ಅಕೌಂಟಿನಲ್ಲಿ ಒಂದು ಎಲೆ ಅಲ್ಲಾಡಿದರೂ ಸುದ್ದಿ ಬೆಂಗಳೂರಿಗೆ. ಪೆನ್ಶನ್ ಬಂತಾ ಅಂತ ತಿಳಿಯಬೇಕಾದರೆ ಅವನನ್ನು ಕೇಳಬೇಕು. ಏನಾದರೂ ಮಾಡಬೇಕಾದರೆ ‘ಒಟಿಪಿ ಹೇಳಪ್ಪಾ’ ಅಂತ ಫೋನ್ ಮಾಡಬೇಕು. ಅವನು ಮೀಟಿಂಗಿನಲ್ಲಿ. ಒಟಿಪಿಯ ಆಯಸ್ಸು ಕೆಲವು ನಿಮಿಷ. ಒಂದು ಸಾವಿರ ತೆಗೆದರೂ ಸಂಜೆ ‘ಏನಮ್ಮ, ಏನು ತಗೊಂಡೆ?’ ಅಂತ ಪ್ರೀತಿಯಿಂದ ಕೇಳುತ್ತಿದ್ದ. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಇವರು ಇದ್ದಾಗ ನಾನು ಯಾರಿಗೂ ಲೆಕ್ಕ ಕೊಟ್ಟವಳಲ್ಲ, ಲೆಕ್ಕ ಕೇಳುತ್ತಿದ್ದವಳು.

ನಂಬರು ಬದಲಾಯಿಸಲು ಅರ್ಜಿ ಕೊಟ್ಟೆ. ಮಗನಿಗೆ ಮೆಸೇಜು ಹೋಯಿತು. ‘ಯಾಕಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?’ ಅಂದ. ‘ನಿನ್ನ ಒಟಿಪಿ ನಿನ್ನ ಹೆಂಡತಿಗೆ ಬರೋ ಹಾಗೆ ಮಾಡಿಕೊಡಲಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಜೋರಾಗಿ ನಕ್ಕ. ಅಪರಿಚಿತರಿಗೆ ಒಟಿಪಿ ಹೇಳಬಾರದು ಅಂತ ಹತ್ತು ಸಲ ಹೇಳಿ ಫೋನಿಟ್ಟ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಅವನ ಸಮಾಧಾನಕ್ಕೆ.

ನವೆಂಬರ್ ಬಂತು. ಕೇಂದ್ರ ಸರ್ಕಾರದ ಪೆನ್ಶನ್ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸುವ ತಿಂಗಳು. ಜೀವನ ಪ್ರಮಾಣ ಅಂತ ಇದು ಡಿಜಿಟಲ್ ಆಗಿದ್ದು 2014ರಲ್ಲಿ. ಇವರು ತಮ್ಮದನ್ನು ಪ್ರತಿ ವರ್ಷ ಬೆರಳಚ್ಚು ಕೊಟ್ಟು ಮಾಡಿಸುತ್ತಿದ್ದರು. ನಾನೂ ಹತ್ತಿರದ ಸೇವಾ ಕೇಂದ್ರವೊಂದಕ್ಕೆ ಹೋದೆ. ಹುಡುಗ ಮೆಷಿನ್ ಮೇಲೆ ಹೆಬ್ಬೆರಳು ಇಡಿಸಿದ. ಕೆಂಪು ದೀಪ. ತೋರುಬೆರಳು. ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಇಡಿಸಿದ. ಆಗಲೂ ಇಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಹುಣಸೆಹಣ್ಣು ಹಿಂಡಿದ ಬೆರಳು. ಗೆರೆಗಳು ಎಲ್ಲಿ ಉಳಿದಿರುತ್ತವೆ? ವಯಸ್ಸಾದಂತೆ ಚರ್ಮ ಒಣಗಿ ಗೆರೆ ಸವೆಯುವುದು ಎಲ್ಲರಿಗೂ ಇದ್ದದ್ದೇ, ಕೈಕೆಲಸ ಮಾಡಿದವರಿಗೆ ಇನ್ನೂ ಜಾಸ್ತಿ. ಹುಡುಗ ನನ್ನ ಹಿಂದೆ ನಿಂತವರಿಗೆ, ‘ಅಮ್ಮಂದು ಬರ್ತಾ ಇಲ್ಲ, ನೀವು ಬನ್ನಿ ಸರ್’ ಅಂದ.

ಮನೆಗೆ ಬಂದೆ. ಮುಖ ತೋರಿಸಿಯೂ ಮಾಡಬಹುದು ಅಂತ ಇವರ ಆ ಸ್ನೇಹಿತರು ಹೇಳಿದ್ದು ನೆನಪಿತ್ತು. 2021ರಿಂದ ಈ ವ್ಯವಸ್ಥೆ ಇದೆ. ಫೋನಿನಲ್ಲಿ ಎರಡು ಆ್ಯಪ್ ಹಾಕಿಕೊಳ್ಳಬೇಕು, ಒಂದು ಆಧಾರ್ ಫೇಸ್ ಆರ್‌ಡಿ, ಇನ್ನೊಂದು ಜೀವನ ಪ್ರಮಾಣದ್ದು. ಅದಾಗದವರು ಪೋಸ್ಟ್‌ಮ್ಯಾನ್ ಅವರನ್ನು ಮನೆಗೇ ಕರೆಸಿಕೊಂಡು ಮಾಡಿಸಬಹುದು, ಅದಕ್ಕೆ ಸ್ವಲ್ಪ ದುಡ್ಡು ಕೊಡಬೇಕು. ನಾನು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಹತ್ತಿರ, ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತೆ. ಆ ಆ್ಯಪ್‌ನಲ್ಲಿ ಮೊದಲು ಆಪರೇಟರ್ ಮುಖ ತೋರಿಸಬೇಕು, ಆಮೇಲೆ ಪೆನ್ಶನ್‌ದಾರರ ಮುಖ. ಇಲ್ಲಿ ಆಪರೇಟರೂ ನಾನೇ. ಕನ್ನಡಕ ತೆಗೆದು, ಕಣ್ಣು ಮಿಟುಕಿಸು ಅಂದಾಗ ಮಿಟುಕಿಸಿದೆ. ಒಪ್ಪಿಕೊಂಡಿತು.

ಆಮೇಲೆ ಫಾರ್ಮು. ಹೆಸರು, ಪಿಪಿಒ ನಂಬರು, ಅಕೌಂಟ್ ನಂಬರು. ನೀವು ಮತ್ತೆ ಕೆಲಸಕ್ಕೆ ಸೇರಿದ್ದೀರಾ? ಇಲ್ಲ. ನೀವು ಮರುಮದುವೆ ಆಗಿದ್ದೀರಾ? ನಾನು ಒಂದು ಗಳಿಗೆ ಫೋನನ್ನೇ ನೋಡಿದೆ. ಮಗ, ಸೊಸೆ, ನಾದಿನಿ, ಬ್ಯಾಂಕು, ಆಸ್ಪತ್ರೆ, ಇಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯದ ಒಂದು ಸಾಧ್ಯತೆ ಈ ಆ್ಯಪ್‌ಗೆ ಹೊಳೆದಿತ್ತು. ಕುಂಕುಮದ ತಟ್ಟೆ ದಾಟಿ ಹೋದ ಮನೆಯಲ್ಲಿ ಇದನ್ನು ಓದಿ ಹೇಳಬೇಕು ಅನ್ನಿಸಿ ಒಬ್ಬಳೇ ನಕ್ಕೆ. ವಿಧವೆ ಮರುಮದುವೆಯಾದರೆ ಪೆನ್ಶನ್ ನಿಲ್ಲುವ ನಿಯಮ ಇದೆ, ಮಕ್ಕಳಿಲ್ಲದವರಿಗೆ ವಿನಾಯಿತಿ ಇದೆ, ಅದಕ್ಕೆ ಕೇಳುತ್ತಾರೆ. ‘ಇಲ್ಲ’ ಒತ್ತಿದೆ. ಪ್ರಮಾಣ ಐಡಿ ಮೆಸೇಜು ಬಂತು. ನನ್ನ ನಂಬರಿಗೇ.

ಮಗನಿಗೆ ಆ ಮೆಸೇಜನ್ನು ಕಳಿಸಿದೆ. ‘ಅಯ್ಯೋ, ನಾನು ಬಂದಾಗ ಮಾಡ್ತಿದ್ದೆನಲ್ಲ’ ಅಂದ. ಆಮೇಲೆ ಅವನ ಅತ್ತೆಗೂ ಅದನ್ನು ಹೇಗೆ ಮಾಡುವುದು ಅಂತ ನನ್ನನ್ನೇ ಕೇಳಿದ.

ಹೋದ ತಿಂಗಳು ನಮ್ಮ ರಸ್ತೆಯ ಕೊನೆಯ ಮನೆಯವರು ಬಂದಿದ್ದರು. ಅವರ ಯಜಮಾನರು ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಮಗ ಜೊತೆಗೆ ಬಂದಿದ್ದ. ಆಕೆ ಸೋಫಾದ ತುದಿಯಲ್ಲಿ ಫೈಲು ಹಿಡಿದು ಕೂತರು. ‘ಪಿಪಿಒದಲ್ಲಿ ನಿಮ್ಮ ಹುಟ್ಟಿದ ದಿನಾಂಕ ಇದೆಯಾ?’ ಅಂತ ಕೇಳಿದೆ. ಮಗ ಬಾಯಿ ಹಾಕಿ, ‘ಅಮ್ಮನಿಗೆ ಅದೆಲ್ಲ...’ ಅಂತ ಶುರು ಮಾಡಿದ. ಅವನ ಕೈಗೆ ಆಧಾರ್, ಪ್ಯಾನ್ ಕೊಟ್ಟು ಜೆರಾಕ್ಸ್ ಮಾಡಿಸಿಕೊಂಡು ಬರಲು ಕಳಿಸಿದೆ. ಎರಡೆರಡು ಪ್ರತಿ, ಆಧಾರ್ ಎರಡೂ ಬದಿ. ಅಂಗಡಿ ಸ್ವಲ್ಪ ದೂರ ಇದೆ. ಅವನು ಬರುವಷ್ಟರಲ್ಲಿ ಆಕೆ ಪುಟ ತೆರೆದು ದಿನಾಂಕ ತೋರಿಸಿದ್ದರು, ಅಂಡರ್‌ಟೇಕಿಂಗ್ ತುಂಬಿ ಮುಗಿಸಿದ್ದರು. ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ.